ಹೂತುಹೋದ ಓತಿಕ್ಯಾತ

"ಇದೇನೇ ಮಾಡಿಟ್ಟಿದ್ದೀಯ?"

ಅಜ್ಜಿ ಕಳ್ಳಿಹಣ್ಣಿನ ಹುಳಿರಸದಿಂದ ಚಿಪ್ಪನ್ನು ಎತ್ತಿ, ಅದಕ್ಕೆ ಮೆತ್ತಿದ್ದ ಅಂಟನ್ನು ಉಗುರಿನಿಂದ ಕೆರೆದಳು. ಮೊಮ್ಮಗಳು ಹೇವೆಲ್ ಇಣುಕಿ ನೋಡಿದಳು. ಚಿಪ್ಪಿನ ಮೇಲೆ ಉಬ್ಬಿ ನಿಲ್ಲಬೇಕಿದ್ದ ಓತಿಕ್ಯಾತದ ಚಿತ್ರ ಒಳಗೆ ಹೂತುಹೋಗಿತ್ತು.

"ಅಂಟು ಎಲ್ಲಿ ಬಳಿದೆ?"

"ಓತಿಕ್ಯಾತದ ಸುತ್ತಲೂ..."

"ಅಯ್ಯೋ ನನ್ನ ಕೂಸೇ! ಅಂಟು ಇರೋ ಕಡೆ ಹುಳಿ ಮುಟ್ಟಲ್ಲ. ಬರಿದಾಗಿರೋದನ್ನ ತಿಂದುಹಾಕುತ್ತೆ. ಅದರ ಮೈಮೇಲೆ ಬಳೀಬೇಕಿತ್ತು."

ಅಜ್ಜಿ ಬೈಯಲಿಲ್ಲ. ಹೇವೆಲ್‌ಗೆ ಅದೇ ಕಷ್ಟವಾಯಿತು. ಆ ಚಿಪ್ಪು ದೂರದ ಕಡಲಿನಿಂದ, ಮರಳುಗಾಡು ದಾಟಿ, ಅಪ್ಪನ ಬೆನ್ನ ಮೇಲೆ ಬಂದದ್ದು.

ಮನೆಯ ಮಡಕೆ ಒಡೆದುಹೋಗಿತ್ತು. ಅವರ ಅಂಗಳದ ಸುತ್ತಲಿನ ಮನೆಗಳಲ್ಲಿ ಎಲ್ಲರೂ ಚಿಪ್ಪು ಕೊರೆಯುವವರೇ, ಮಡಕೆ ತಟ್ಟುವವರಿಲ್ಲ. ಚೆಂಡಾಟದ ದಿನ ಸೇರುವ ಸಂತೆಯಲ್ಲಿ ಚಿಪ್ಪು ಕೊಟ್ಟು ಮಡಕೆ ತರಬೇಕು. ಅಲ್ಲಿಯವರೆಗೆ ಬೇಯಿಸುವಂತಿಲ್ಲ, ಎಲ್ಲರಿಗೂ ಹುರಿದ ಕಾಳು. ಅಜ್ಜಿಗೆ ಹಲ್ಲಿಲ್ಲ, ಹಿಟ್ಟನ್ನು ನೀರಿಗೆ ಕದಡಿ ಕುಡಿಯುತ್ತಿದ್ದಳು. ದಿನದಿನಕ್ಕೆ ಸೊರಗುತ್ತಿದ್ದಳು.

ಆಟದ ದಿನ ಬಂತು. ಚೆಂಡಾಟದ ಕಣದ ದಿಬ್ಬದ ಮೇಲೆ ನದಿಯಾಚೆಯ ಕುಂಬಾರಗಿತ್ತಿ ಮಡಕೆ ಹರಡಿ ಕೂತಿದ್ದಳು. ಅವಳು ಅಜ್ಜಿ ಕೊಟ್ಟ ಚಿಪ್ಪನ್ನು ಹೊರಳಿಸಿ ನೋಡಿದಳು.

"ಏನಜ್ಜಿ, ನಿಮ್ಮ ಓತಿಕ್ಯಾತ ಬಿಸಿಲಿಗೆ ಹೆದರಿ ಬಿಲ ಸೇರಿದೆಯಲ್ಲ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು.

"ಇದಕ್ಕೆ ನನ್ನ ಮಡಕೆ ಬರಲ್ಲ," ಎಂದು ಅವಳು ಚಿಪ್ಪನ್ನು ಅಜ್ಜಿಗೆ ವಾಪಸು ಚಾಚಿದಳು.

ಹೇವೆಲ್‌ಳ ಕಿವಿ ಬಿಸಿಯಾಯಿತು. "ಅದು ನಾನು ಮಾಡಿದ್ದು," ಎಂದಳು. "ಅಜ್ಜಿ ಅಲ್ಲ."

ಕುಂಬಾರಗಿತ್ತಿಯ ಬೆನ್ನ ಹಿಂದಿನಿಂದ ಅವಳ ಮಗಳು ಹೂಣಿ ಎದ್ದುಬಂದಳು. ಕೈಯಲ್ಲಿ ಒಂದು ಕಡೆಗೆ ವಾಲಿದ ಮಡಕೆ.

"ಅಮ್ಮಾ, ನನಗೆ ಆ ಚಿಪ್ಪು ಬೇಕು. ನಾನೇ ತಟ್ಟಿದ ಈ ಮಡಕೆ ಕೊಡ್ತೀನಿ. ಇದನ್ನ ಬೆಳಿಗ್ಗೆಯಿಂದ ಯಾರೂ ಮುಟ್ಟೇ ಇಲ್ಲ."

"ಸೋರುತ್ತಾ?" ಅಜ್ಜಿ ಕೇಳಿದಳು.

"ಸೋರಲ್ಲ ಅಜ್ಜಿ. ನೆಟ್ಟಗೆ ನಿಲ್ಲಲ್ಲ, ಅಷ್ಟೇ."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ನಾನೂ ಹಾಗೇ ಕಣೆ. ಕೊಡು ಇಲ್ಲಿ."

ಸಂಜೆ ಹೇವೆಲ್ ಮಡಕೆ ತೊಳೆದು, ವಾಲಿದ ಕಡೆಗೆ ಒಂದು ಕಲ್ಲನ್ನು ಒತ್ತುಕೊಟ್ಟು ಇನ್ನೂ ಹಚ್ಚದ ಒಲೆಯ ಮೇಲಿಟ್ಟಳು. ಅಜ್ಜಿ ಮೊದಲ ಹಿಡಿ ಕಾಳನ್ನು ಮುಳುಗುವ ಸೂರ್ಯನಿಗೆ ತೋರಿಸಿ, ಕಣ್ಣು ಮುಚ್ಚಿ ನಿಂತಳು.

ಅಷ್ಟರಲ್ಲಿ ಹೇವೆಲ್ ಮಡಕೆಯೊಳಗೆ ಬಗ್ಗಿ ನೋಡಿದಳು. ತಟ್ಟುವಾಗ ಒಳಗಿನಿಂದ ಒತ್ತಿಹಿಡಿದ ಕಲ್ಲಿನ ಗುರುತುಗಳ ನಡುವೆ ಒಂದು ಪುಟ್ಟ ಬೆರಳು ಒತ್ತಿದ ತಗ್ಗಿತ್ತು. ತನ್ನ ಬೆರಳನ್ನು ಅದರಲ್ಲಿಟ್ಟಳು. ಸರಿಯಾಗಿ ಕೂತಿತು.

"ಒಳಗೆ ಏನೇ ಅದು, ಅಷ್ಟೊಂದು ನೋಡ್ತಿದ್ದೀಯ?"

"ಹೂಣಿ," ಎಂದಳು ಹೇವೆಲ್.