ಖಾಲಿ ಕೋಟೆಯ ಕಡೆಗೆ

ಶನಿವಾರ ಮಧ್ಯಾಹ್ನ ಕನ್ನಡಕದಂಗಡಿಯ ಷಟರ್ ಅರ್ಧ ಇಳಿದ ಮೇಲೆ, ಹಿಂದಿನ ಕೋಣೆಯಲ್ಲಿ ನಾಲ್ಕು ಜನ ರಾಜ್ಯಭಾರ ಮಾಡುತ್ತಿದ್ದರು.

ಲೆನ್ಸು ಉಜ್ಜುವ ಯಂತ್ರವನ್ನು ಗೋಡೆಗೆ ಸರಿಸಿ ನಡುವೆ ಒಂದು ಮೇಜು, ಅದರ ಮೇಲೆ ನಾಲ್ಕು ಲ್ಯಾಪ್‌ಟಾಪ್, ತೆರೆಯ ಮೇಲೆ ಒಂದು ಯುದ್ಧದ ಆಟ, ಅದರಲ್ಲಿ ನೂರಾರು ವರ್ಷಗಳ ಹಿಂದಿನ ಯೂರೋಪು. ಅಂಗಡಿಯವನು, ಕಟ್ಟಡದವರೆಲ್ಲರ ಬಾಯಲ್ಲಿ ‘ಕನ್ನಡಕದವರು’, ಆ ನಕ್ಷೆಯಲ್ಲಿ ಪಶ್ಚಿಮ ತೀರದ ರಾಜ. ಎದುರು ಬಾಗಿಲಿನ ಲ್ಯಾಬಿನಲ್ಲಿ ಹಲ್ಲುಸೆಟ್ಟು ಮಾಡುವ ಅವಳು ಉತ್ತರದ ದ್ವೀಪಗಳ ರಾಣಿ. ಕೆಳಗಿನ ಮೆಡಿಕಲ್ ಶಾಪಿನವನು ಅವಳ ದ್ವೀಪಕ್ಕೆ ಎದುರು ದಡದ ರಾಜ. ನೆರೆಯವನಾದ್ದರಿಂದ ಸದಾ ಅವಳ ಕೋಟೆಯ ಮೇಲೆ ಒಂದು ಕಣ್ಣು. ನಾಲ್ಕನೆಯವಳು ಹೊಸಬಳು. ಮಹಡಿಯ ಮೇಲೆ ಈಚೆಗೆ ಫಿಸಿಯೋಥೆರಪಿ ಕ್ಲಿನಿಕ್ ತೆರೆದವಳು, ಎಲ್ಲರಿಗೂ ‘ಫಿಸಿಯೋ’. ಮೂವತ್ತು ದಾಟಿಲ್ಲ, ನಕ್ಕರೆ ಕೋಣೆಯೆಲ್ಲ ಕೇಳಿಸುತ್ತದೆ. ಅವಳದು ದಕ್ಷಿಣದಲ್ಲಿ, ನಡುವಿನ ಸಮುದ್ರದ ದಡದ ಬಂದರು ನಗರ.

ಈಗ ಕನ್ನಡಕದವನು ಆ ಫಿಸಿಯೋಳ ಕುರ್ಚಿಯ ಮೇಲೆ ಬಗ್ಗಿದ್ದ.

“ನೋಡಿ, ಪೋಪ್ ಕ್ರುಸೇಡ್, ಅಂದ್ರೆ ಧರ್ಮಯುದ್ಧ, ಸಾರಿದಾರೆ. ಇಲ್ಲಿಂದ ಜೆರುಸಲೇಮಿಗೆ ನಡೆಸ್ಕೊಂಡು ಹೋದ್ರೆ ನಿಮ್ಮ ಸೈನ್ಯ ದಾರೀಲೇ ಮುದಿಯಾಗುತ್ತೆ. ಹಡಗು ಹತ್ತಿಸಿ. ಖರ್ಚಾಗುತ್ತೆ, ಆದ್ರೆ ಯುದ್ಧ ಮುಗಿಯೋದ್ರೊಳಗೆ ತಲುಪ್ತೀರಿ.”

“ತಲುಪದೇ ಇದ್ರೆ?”

“ನನ್ನ ಥರ ಆಗುತ್ತೆ. ಗೆದ್ದೋರು ವಾಪಸ್ ಮನೆಗೆ ಹೊರಟಿರ್ತಾರೆ, ನೀವು ಅವರಿಗೆ ಎದುರಿಗೆ ಸಿಗ್ತೀರಿ.”

ಫಿಸಿಯೋ ತಲೆಯನ್ನು ಹಿಂದಕ್ಕೆ ವಾಲಿಸಿ ನಕ್ಕಳು. ಅವಳ ಕೂದಲಿನ ತುದಿ ಕುರ್ಚಿಯ ಬೆನ್ನಿನ ಮೇಲಿದ್ದ ಅವನ ಕೈಗೆ ತಾಗಿತು. ಅವನು ಕೈ ತೆಗೆದ. ತೆಗೆದದ್ದು ಸ್ವಲ್ಪ ತಡವಾಯಿತೇ? ಎದುರು ಕೂತಿದ್ದ ದ್ವೀಪದ ರಾಣಿಗೆ ಹಾಗೇ ಅನ್ನಿಸಿತು.

ಆ ಮಾತುಗಳೆಲ್ಲ ತನ್ನವು. ಹಡಗು, ಖರ್ಚು, ತಡ, ಎಲ್ಲವನ್ನೂ ಅವನಿಗೆ ಹೇಳಿಕೊಟ್ಟವಳು ತಾನು. ತನ್ನ ಮನೆಯ ಪಾತ್ರೆ ಇನ್ನೊಬ್ಬರ ಅಡುಗೆಮನೆಯಲ್ಲಿ ಕಂಡಂತಾಯಿತು ಅವಳಿಗೆ.

ಎರಡು ವರ್ಷದ ಹಿಂದೆ ಅವಳು ಈ ಅಂಗಡಿಗೆ ಬಂದದ್ದು ಕನ್ನಡಕ ಮಾಡಿಸಲು. ಮೇಣದಲ್ಲಿ ಹಲ್ಲಿನ ಆಕಾರ ಕೊರೆಯುವಾಗ ಗೆರೆಗಳು ಮಸುಕಾಗತೊಡಗಿದ್ದವು. ಅವನು ಅವಳ ಮೂಗಿನ ಮೇಲೆ ಫ್ರೇಮು ಕೂರಿಸಿ, ಹಿಂದೆ ಸರಿದು, “ಈಗ ಹೇಗೆ ಕಾಣ್ತಿದೆ?” ಎಂದು ಕೇಳಿದ್ದ. ಮೊದಲು ಕಂಡದ್ದು ಅವನ ಮುಖ. ಆಮೇಲೆ ಕಂಡದ್ದು ಕೌಂಟರಿನ ಲ್ಯಾಪ್‌ಟಾಪಿನಲ್ಲಿ ಮರುಭೂಮಿಯ ನಡುವೆ ಉಪವಾಸ ಸಾಯುತ್ತಿದ್ದ ಅವನ ಸೈನ್ಯ. “ಅಷ್ಟೂ ಜನರನ್ನ ಒಂದೇ ಕಡೆ ಗುಂಪು ಹಾಕಿದ್ರೆ ಅನ್ನ ಎಲ್ಲಿಂದ ಬರುತ್ತೆ? ಬೇರೆ ಬೇರೆ ಗುಂಪು ಮಾಡಿ, ಒಂದರ ಹಿಂದೆ ಒಂದು ಕಳಿಸಿ,” ಎಂದಿದ್ದಳು. ಅವನು ಬಾಯಿ ಬಿಟ್ಟುಕೊಂಡು ನೋಡಿದ್ದ. ಶನಿವಾರಗಳು ಶುರುವಾದದ್ದು ಹಾಗೆ.

ಅವಳಿಗೆ ಆಟ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಆದ್ದರಿಂದ ಎರಡು ವರ್ಷದಲ್ಲಿ ಅವನು ಅವಳ ಪರದೆಯ ಮೇಲೆ ಒಮ್ಮೆಯೂ ಬಗ್ಗಿರಲಿಲ್ಲ. ಎಲ್ಲ ಗೊತ್ತಿರುವ ಹೆಂಗಸಿನ ಕುರ್ಚಿಯ ಹತ್ತಿರ ಯಾರೂ ಬಗ್ಗುವುದಿಲ್ಲ ಎನ್ನುವುದು ನಲವತ್ತು ದಾಟಿದ ಮೇಲೆ, ಈ ಮಧ್ಯಾಹ್ನ ಹೊಳೆಯಿತು.

ಹೊಳೆದದ್ದು ಕೆಟ್ಟ ಹೊತ್ತಿನಲ್ಲಿ. ಲ್ಯಾಬಿನ ಓನರ್ ಬೇರೆ ಊರಲ್ಲಿ ಹೊಸ ಲ್ಯಾಬ್ ತೆರೆಯುತ್ತಿದ್ದರು. ಅದನ್ನು ನೋಡಿಕೊಳ್ಳಲು ಹೋಗುತ್ತೀರಾ ಎಂದು ಅವಳನ್ನು ಕೇಳಿದ್ದರು. ಸೋಮವಾರ ಉತ್ತರ ಹೇಳಬೇಕು. ದೊಡ್ಡ ಕೆಲಸ, ಒಳ್ಳೆಯ ಹೆಸರು. ಆದರೂ ಅವಳು ದಿನ ತಳ್ಳುತ್ತಿದ್ದಳು. ಹೋಗಬೇಡಿ ಎಂದು ಒಬ್ಬರು ಹೇಳಲಿ ಎಂದು ಕಾಯುತ್ತಿದ್ದಳು, ಆ ಒಬ್ಬರಿಗೆ ವಿಷಯವನ್ನೇ ತಿಳಿಸದೆ. ಹೆಂಗಸಿನ ಮನಸ್ಸು ಇಂಥ ಪರೀಕ್ಷೆ ಒಡ್ಡುತ್ತದೆ. ಪ್ರಶ್ನೆಪತ್ರಿಕೆಯನ್ನು ತನ್ನ ಹತ್ತಿರವೇ ಬಚ್ಚಿಟ್ಟುಕೊಂಡು, ಇವರು ಇನ್ನೂ ಉತ್ತರ ಬರೆಯಲಿಲ್ಲವಲ್ಲ ಎಂದು ಕೊರಗುತ್ತದೆ.

“ಅಕ್ಕಾ, ನೀವು ಎಷ್ಟು ಸೈನ್ಯ ಕಳಿಸ್ತೀರಿ?” ಫಿಸಿಯೋ ಕೇಳಿದಳು.

ಇನ್ನೊಂದು ಮುಳ್ಳು ಅದು. ತನ್ನನ್ನು ಅಕ್ಕ ಎನ್ನುತ್ತಾಳೆ. ಮೆಡಿಕಲ್ ಶಾಪಿನವನನ್ನು ಅಣ್ಣ ಎನ್ನುತ್ತಾಳೆ. ಇವನನ್ನು ಮಾತ್ರ ಏನೂ ಅನ್ನುವುದಿಲ್ಲ. ಬರೀ ‘ನೀವು’, ‘ರೀ’. ಒಂದು ಸಲ ಅಣ್ಣ ಅಂದಿದ್ದರೆ ನಾಲಿಗೆ ಸವೆಯುತ್ತಿತ್ತೇ?

“ನಾವಿಬ್ರೂ ನನ್ನ ಬಂದರಲ್ಲೇ ಸೈನ್ಯ ಸೇರಿಸಿ ಒಟ್ಟಿಗೆ ಹೊರಡೋಣ ಅಂತ,” ಎಂದು ಫಿಸಿಯೋ ಅವನ ಕಡೆ ಗದ್ದದಿಂದ ಸನ್ನೆ ಮಾಡಿದಳು. “ಅಲ್ವಾ ರೀ?”

“ಹ್ಞೂಂ, ನೋಡೋಣ,” ಎಂದ ಅವನು.

ಒಟ್ಟಿಗೆ. ಅವಳ ಕಿವಿ ಕಾದುಹೋಯಿತು.

“ನಾನು ಪೂರ್ತಿ ಸೈನ್ಯ ಕಳಿಸ್ತೀನಿ,” ಎಂದಳು.

ಮನೆ ಕಾಯಲು ಒಂದು ಪಡೆ ಬಿಟ್ಟೇ ಹೊರಡಬೇಕು. ದೂರ ಹೋದ ಸೈನ್ಯ ಕೂಗಿದ ತಕ್ಷಣ ವಾಪಸ್ ಬರುವುದಿಲ್ಲ. ಇದು ಅವಳೇ ಎಲ್ಲರಿಗೂ ಪಾಠ ಮಾಡಿದ ಮೊದಲ ನಿಯಮ. ಮೆಡಿಕಲ್ ಶಾಪಿನವನು ಬಾಯಿಗೆ ಹಾಕಿಕೊಳ್ಳಲಿದ್ದ ಬಿಸ್ಕತ್ತನ್ನು ಕೆಳಗಿಟ್ಟ.

“ಪೂರ್ತೀನಾ ಮೇಡಂ?” ಅವನ ಧ್ವನಿಯಲ್ಲಿ ಜೇನು ಸುರಿಯುತ್ತಿತ್ತು.

“ಪೂರ್ತಿ.”

“ಪುಣ್ಯ ಬರುತ್ತೆ ಬಿಡಿ. ಒಳ್ಳೇದಾಗ್ಲಿ.”

ಕನ್ನಡಕದವನು ತಲೆಯೆತ್ತಿ ಅವಳನ್ನೇ ನೋಡಿದ. ಮಸುಕಾದ ಅಕ್ಷರ ತೋರಿಸಿ ಓದಿ ಎನ್ನುವಾಗ ಗಿರಾಕಿಯ ಕಣ್ಣು ನೋಡುತ್ತಾನಲ್ಲ, ಹಾಗೆ. ಅವಳು ಮುಖ ತಿರುಗಿಸಿದಳು. ಅವನು ತನ್ನ ಕುರ್ಚಿಗೆ ಹೋಗಿ ಕೂತು, ಏನೋ ಒತ್ತತೊಡಗಿದ.

ಆಟದ ದಿನಗಳು ಉರುಳತೊಡಗಿದವು. ಅವಳ ಹಡಗುಗಳು ಇಡೀ ಪಶ್ಚಿಮ ತೀರವನ್ನು ಬಳಸಿ ನಡುವಿನ ಸಮುದ್ರಕ್ಕೆ ಇಳಿದವು. ಈ ಆಟದಲ್ಲಿ ತಮ್ಮ ಗಡಿಯಾಚೆ ನಕ್ಷೆಯ ಮೇಲೆಲ್ಲ ಮಂಜು. ಬೇರೆಯವರ ಸೈನ್ಯ ಹತ್ತಿರ ಬರುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಫಿಸಿಯೋಳ ಬಂದರು ಹತ್ತಿರವಾದಂತೆ ಅವಳು ಉಗುರು ಕಚ್ಚಿದಳು. ಇಬ್ಬರ ಬಾವುಟಗಳೂ ಅಕ್ಕಪಕ್ಕ ಹಾರುತ್ತಿರುತ್ತವೆ, ನೋಡಲೇಬೇಕು. ಹಾಳಾದ್ದು, ನೋಡಬೇಕು ಎಂದೇ ಇಷ್ಟು ದೂರ ಬಂದದ್ದು.

“ರೀ, ಎಲ್ಲಿದೀರಿ? ನಿಮ್ಮ ಹಡಗು ಇನ್ನೂ ಬರ್ಲೇ ಇಲ್ಲ,” ಎಂದಳು ಫಿಸಿಯೋ.

“ದಾರೀಲಿದೆ.”

“ಎಲ್ಲಿಗೆ ಬಂತು?”

“ಬರುತ್ತೆ, ಬರುತ್ತೆ.” ಅವನು ಕಣ್ಣೆತ್ತಲಿಲ್ಲ. ಫಿಸಿಯೋ ಅವನನ್ನು ನೋಡಿದಳು, ಆಮೇಲೆ ಇವಳನ್ನು ನೋಡಿದಳು, ಆಮೇಲೆ ತುಟಿ ಒಳಗೆಳೆದುಕೊಂಡು ನಕ್ಕಳು. ಇವಳಿಗೆ ಖಾತ್ರಿಯಾಯಿತು. ಇಬ್ಬರ ನಡುವೆ ಏನೋ ಗುಟ್ಟಿದೆ.

ಅಷ್ಟರಲ್ಲಿ ತಂಗಿಯ ಫೋನು ಬಂತು. ಅವಳು ಎದ್ದು ಕಾರಿಡಾರಿಗೆ ಹೋದಳು.

“ಅಕ್ಕ, ಏನ್ ತೀರ್ಮಾನ ಮಾಡಿದೆ?”

“ಹೋಗ್ತೀನಿ ಅಂತ ಹೇಳ್ಬಿಡ್ತೀನಿ ಕಣೆ.”

“ಬೆಳಿಗ್ಗೆ ತನಕ ಮೀನಮೇಷ ಎಣಿಸ್ತಿದ್ದೆ. ಈಗ ಏನಾಯ್ತು?”

“ಏನೂ ಆಗಿಲ್ಲ.”

“ಧ್ವನಿ ನೋಡಿದ್ರೆ ಯಾರದೋ ಜುಟ್ಟು ಹಿಡಿದು ಬಂದಿರೋ ಹಾಗಿದೆ. ಆ ಫಿಸಿಯೋದಾ?”

“ಸುಮ್ನಿರೇ.”

“ಅವರನ್ನ ನೇರವಾಗಿ ಕೇಳ್ಬಿಡು ಅಂತ ಎಷ್ಟು ಸಲ ಬಡ್ಕೊಂಡೆ! ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಳಿ. ವಯಸ್ಸು ನಿಂತಿರುತ್ತಾ ನಿಮಗೋಸ್ಕರ?”

ಒಳಗಿನಿಂದ ಫಿಸಿಯೋ ಕೂಗಿದಳು. “ಅಕ್ಕಾ, ಬೇಗ ಬನ್ನಿ! ಅಣ್ಣ ನಿಮ್ಮ ಮನೆಗೆ ನುಗ್ತಿದಾರೆ!”

ಅವಳು ಓಡಿದಳು. ಮೆಡಿಕಲ್ ಶಾಪಿನವನು ಯುದ್ಧ ಸಾರಿದ್ದ. ಎದುರು ದಡದಿಂದ ಅವನ ದೋಣಿಗಳು ಹೊರಟಿದ್ದವು. ಚಿಕ್ಕ ಕಾಲುವೆಯಷ್ಟು ಸಮುದ್ರ, ದಾಟಲು ಹೊತ್ತೇ ಬೇಡ. ಅವಳ ಸೈನ್ಯ ಪ್ರಪಂಚದ ಇನ್ನೊಂದು ತುದಿಯಲ್ಲಿತ್ತು. ತಿರುಗಿಸಿದರೂ ಅದು ಬರುವ ಹೊತ್ತಿಗೆ ಕೋಟೆಯ ಮೇಲೆ ಅವನ ಬಾವುಟ ಹಾರುತ್ತಿರುತ್ತದೆ.

“ನಾಚಿಕೆ ಆಗಲ್ವೇನ್ರೀ ನಿಮಗೆ? ಪೋಪ್ ಮಾತು ಕೇಳಿ ಹೋದೋರ ಮನೆಗೆ ಕನ್ನ ಹಾಕೋದಕ್ಕೆ?”

“ಬಾಗಿಲು ತೆಗೆದಿಟ್ಟು ಹೋದ್ರಲ್ಲ ಮೇಡಂ! ಯಾರೂ ನುಗ್ಗದೇ ಇರ್ಲಿ ಅಂತ ನಾನೇ ಒಳಗೆ ಹೋಗಿ ಕಾಯ್ತೀನಿ.”

ಅವನು ನಕ್ಕ. ಯಾರ ಸಹಾಯವನ್ನೂ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಕಳೆದುಕೊಂಡದ್ದು ಆಟದ ಕೋಟೆ, ನಿಜ. ಆದರೆ ಅದನ್ನು ಕಳೆದುಕೊಂಡದ್ದು ಹೊಟ್ಟೆಕಿಚ್ಚಿನಿಂದ ಎನ್ನುವುದು ಅವಳೊಬ್ಬಳಿಗೆ ಗೊತ್ತಿತ್ತು. ಇನ್ನೊಬ್ಬಳ ಬಾಗಿಲಲ್ಲಿ ಕಾವಲು ಕೂರಲು ಹೋದವಳಿಗೆ ತನ್ನ ಬಾಗಿಲು ನೆನಪಾಗಲಿಲ್ಲ. ಕಣ್ಣು ಹನಿಗೂಡಿತು. ಥೂ, ಈ ವಯಸ್ಸಿನಲ್ಲಿ, ಒಂದು ಕಂಪ್ಯೂಟರ್ ಆಟಕ್ಕೆ! ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು.

“ಇದೇನಿದು?” ಮೆಡಿಕಲ್ ಶಾಪಿನವನ ಧ್ವನಿ ಬದಲಾಗಿತ್ತು.

ಅವಳು ಕನ್ನಡಕ ಹಾಕಿಕೊಂಡಳು. ಅವಳ ದ್ವೀಪದ ಪಶ್ಚಿಮಕ್ಕೆ, ಮಂಜಿನೊಳಗಿಂದ ಒಂದು ಹಡಗು ಹೊರಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು ಸಾಲು. ಹಳದಿ ಬಾವುಟ, ಅದರ ಮೇಲೆ ಕಪ್ಪು ಕೋಟೆ. ಕನ್ನಡಕದವನದು. ಹಡಗಿನಿಂದಿಳಿದ ಪಡೆಗಳು ಗುಂಪು ಗುಂಪಾಗಿ, ಒಂದರ ಹಿಂದೆ ಒಂದು, ಅವಳು ಹೇಳಿಕೊಟ್ಟಿದ್ದ ರೀತಿಯಲ್ಲೇ ದಡ ಹತ್ತಿ ಅವಳ ಕೋಟೆಯ ಸುತ್ತ ನಿಂತವು.

“ರೀ ಕನ್ನಡಕದವರೇ, ಜೆರುಸಲೇಮ್ ಆ ಕಡೆ!” ಎಂದ ಮೆಡಿಕಲ್ ಶಾಪಿನವನು.

“ಗೊತ್ತು,” ಎಂದ ಅವನು. ಕಿವಿಯ ತುದಿ ಕೆಂಪಾಗಿತ್ತು.

ಫಿಸಿಯೋ ಚಪ್ಪಾಳೆ ತಟ್ಟಿದಳು. “ನಾನು ಆವಾಗ್ಲೇ ಅಂದ್ಕೊಂಡೆ! ಅಣ್ಣಾ, ನೀವು ಕೇಳ್ತಿದ್ರಲ್ಲ, ಇವರನ್ನ ಯಾಕೆ ಅಣ್ಣ ಅಂತ ಕರಿಯಲ್ಲ ಅಂತ. ಅಕ್ಕನ ಕಡೆಯವರನ್ನ ಅಣ್ಣ ಅನ್ನೋಕಾಗುತ್ತಾ? ಬಂದ ವಾರವೇ ನಂಗೆ ಗೊತ್ತಾಯ್ತು. ಭಾವ ಅನ್ನೋಕೆ ಇನ್ನೂ ಟೈಮಿದೆ ಅಂತ ಸುಮ್ನಿದ್ದೆ.”

ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಯೋಚನೆ ಎದ್ದಿತ್ತು, ಅವಳಂಥವರಿಗೆ ಮಾತ್ರ ಬರುವ ಯೋಚನೆ. ಪಶ್ಚಿಮ ತೀರದಿಂದ ತನ್ನ ದ್ವೀಪಕ್ಕೆ ಎದುರುಗಾಳಿಯ ಉದ್ದನೆಯ ದಾರಿ. ಆಟದ ಲೆಕ್ಕದಲ್ಲಿ ತಿಂಗಳುಗಟ್ಟಲೆ. ಯುದ್ಧ ಸಾರಿ ಆಗಿರುವುದು ಕೆಲವೇ ದಿನ. ಅಂದರೆ ಕೋಟೆಗೆ ಅಪಾಯ ಬರುವುದಕ್ಕೆ ಬಹಳ ಮೊದಲೇ ಈ ಹಡಗುಗಳು ಹೊರಟಿರಬೇಕು. ತಾನು ಉಗುರು ಕಚ್ಚುತ್ತ ಫಿಸಿಯೋಳ ಬಂದರಿನಲ್ಲಿ ಅವನ ಬಾವುಟ ಹುಡುಕುತ್ತಿದ್ದಾಗ, ಅವು ಮಂಜಿನಲ್ಲಿ ತನ್ನ ಕಡೆಗೇ ಬರುತ್ತಿದ್ದವು.

ಸಂಜೆ ಮೆಡಿಕಲ್ ಶಾಪಿನವನು ಸೋತ ಮುಖ ಹೊತ್ತು ಇಳಿದು ಹೋದ. ಫಿಸಿಯೋ ಬಾಗಿಲಲ್ಲಿ ನಿಂತು ಇಬ್ಬರಿಗೂ ಒಂದೊಂದು ನಗು ಎಸೆದು ಮೆಟ್ಟಿಲು ಹತ್ತಿದಳು. ಇಬ್ಬರೇ ಉಳಿದರು. ಅವಳು ಲ್ಯಾಪ್‌ಟಾಪಿನ ವೈರು ಸುತ್ತುತ್ತ ಕನ್ನಡಕದವನನ್ನು ಕೇಳಿದಳು.

“ಯಾವಾಗ ಹೊರಟ್ರಿ?”

“ನೀವು ‘ಪೂರ್ತಿ’ ಅಂದ್ರಲ್ಲ, ಆವಾಗ.”

“ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಅವನಿಗೂ ಕೇಳ್ತಿತ್ತು.” ಅವನು ಯಂತ್ರದ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದ. ಅಲ್ಲಿ ಧೂಳು ಇರಲಿಲ್ಲ. “ಮನೆ ಖಾಲಿ ಬಿಟ್ಟು ಹೋಗೋರಲ್ಲ ನೀವು. ಏನೋ ಆಗಿದೆ ಅನ್ನಿಸ್ತು. ನಿಮ್ಮ ಓನರ್ ಮೊನ್ನೆ ಕನ್ನಡಕಕ್ಕೆ ಬಂದಿದ್ರು, ಹೊಸ ಊರಿನ ವಿಷಯ ಹೇಳಿದ್ರು. ಹೊರಡೋ ಯೋಚನೆಗೆ ನಿಮ್ಮ ಮನಸ್ಸು ಕೆಟ್ಟಿದೆಯೇನೋ ಅಂದ್ಕೊಂಡೆ.”

“ಗೊತ್ತಿದ್ದೂ ಸುಮ್ನಿದ್ರಾ?”

“ಅಷ್ಟು ದೊಡ್ಡ ಕೆಲಸಕ್ಕೆ ನಾನು ಅಡ್ಡಗಾಲು ಹಾಕ್ಲಾ?”

ಅವಳು ವೈರನ್ನು ಮೇಜಿನ ಮೇಲೆ ಹಾಕಿದಳು. “ಕೆಲಸದ ಯೋಚನೆಗಲ್ಲ ನನ್ನ ಮನಸ್ಸು ಕೆಟ್ಟಿದ್ದು. ನೀವು ಅವಳ ಕುರ್ಚಿ ಮೇಲೆ ಬಗ್ಗಿದ್ರಲ್ಲ, ಅದಕ್ಕೆ. ಹೊಟ್ಟೆಕಿಚ್ಚು. ಹೇಳ್ಬಿಟ್ಟೆ, ನಗಬೇಕಾದ್ರೆ ನಕ್ಕುಬಿಡಿ.”

ಅವನು ನಗಲಿಲ್ಲ. “ನಿಮ್ಮ ಹತ್ರ ಬಂದು ಬಗ್ಗೋಕೆ ನಂಗೆ ಒಂದು ನೆಪಾನೂ ಸಿಗ್ತಿರ್ಲಿಲ್ಲ. ನಿಮಗೆ ಎಲ್ಲಾ ಗೊತ್ತಲ್ಲ.”

“ಎಲ್ಲಾ ಗೊತ್ತಿಲ್ಲ,” ಎಂದಳು ಮೆಲ್ಲಗೆ. “ಸೋಮವಾರ ಏನು ಹೇಳಬೇಕು ಅಂತ ಗೊತ್ತಿಲ್ಲ.”

“ಹೋಗ್ತೀನಿ ಅಂತ ಹೇಳಿ.”

ಅವಳು ವೈರನ್ನು ಮತ್ತೆ ಕೈಗೆತ್ತಿಕೊಂಡಳು.

“ನಾನೂ ಬರ್ತೀನಿ,” ಎಂದ. ಒಂದೇ ಉಸಿರಿಗೆ, ನಿಂತರೆ ಮುಂದೆ ಹೇಳಲಾಗುವುದಿಲ್ಲ ಎನ್ನುವವನಂತೆ. “ಕಣ್ಣು ಮಂಜಾದವರು ಎಲ್ಲಾ ಊರಲ್ಲೂ ಇರ್ತಾರೆ. ಅಲ್ಲೇ ಅಂಗಡಿ ಹಾಕ್ತೀನಿ. ನಮ್ಮ ಮದುವೆ ವಿಷಯ ನಿಮ್ಮ ತಂಗಿ ಹತ್ರ ನಾನು ಬಂದು ಮಾತಾಡ್ಬೇಕಾ, ಇಲ್ಲ ನೀವೇ ಹೇಳ್ತೀರಾ?”

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಹೊರಗೆ ಕಾರಿಡಾರಿನ ದೀಪ ಹೊತ್ತಿ, ಅರ್ಧ ಇಳಿದ ಷಟರ್ ಕೆಳಗಿಂದ ಬೆಳಕಿನ ಒಂದು ಪಟ್ಟಿ ಒಳಗೆ ಬಂದಿತ್ತು. ಅವನು ಕೈ ಚಾಚಿದ. ಅವಳು ಹಿಡಿದಳು. ಲೆನ್ಸು ಉಜ್ಜಿ ಉಜ್ಜಿ ಅವನ ಬೆರಳ ತುದಿಗಳು ನುಣುಪಾಗಿದ್ದವು.

“ಒಂದು ಷರತ್ತು,” ಎಂದಳು.

“ಹೇಳಿ.”

“ಅಂಗಡಿಯ ಜಾಗ ನಾನೇ ನೋಡ್ತೀನಿ. ಅಕ್ಕಪಕ್ಕ, ಮಹಡಿ ಮೇಲೆ ಯಾರ್ಯಾರಿದಾರೆ ಅಂತ ಚೆನ್ನಾಗಿ ವಿಚಾರಿಸಿ, ಆಮೇಲೆ ಅಡ್ವಾನ್ಸ್ ಕೊಡೋದು.”