ಪಡುವಣದ ಹುಡುಗಿ, ಮೂಡಣದ ಹುಡುಗ

ಹೆಣ್ಣು ಕೇಳಲು ಬಂದ ಗಂಡು ಭಾವಿ ಮಾವನಿಗೆ ಬೆನ್ನು ತಿರುಗಿಸಿ ನಿಂತರೆ ಏನಾಗಬೇಕೋ ಅದೇ ಆಯಿತು.

"ನನ್ನ ಅಂಗಡಿ ಕೋಳಿ ಸಾರು ಹೊಟ್ಟೆತುಂಬ ಕುಡಿದು ನನಗೇ ಬೆನ್ನು ತೋರಿಸ್ತಾನೆ!" ಎಂದು ಕಾಸಿಮಾನ್, ತಡವಾಗಿ ಮಾಡಿದ ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಗುಡುಗಿದರು.

"ತಪ್ಪು ತಿಳೀಬೇಡಿ ಮಾವ..."

"ಇನ್ನೂ ಮಾವ ಆಗಿಲ್ಲ!"

ಫದ್ಲಿ ಮಾಡಿದ್ದಿಷ್ಟೇ. ಕಾಸಿಮಾನ್ ಪಡುವಣಕ್ಕೆ ಹಾಸಿಕೊಟ್ಟ ಚಾಪೆಯನ್ನು ಅಭ್ಯಾಸಬಲದಿಂದ ಮೂಡಣಕ್ಕೆ ತಿರುಗಿಸಿಕೊಂಡಿದ್ದ. ಜಾವಾದಲ್ಲಿದ್ದವರಿಗೆ ಮೆಕ್ಕಾ ಪಡುವಣಕ್ಕಿತ್ತು. ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಬಂದ ಮುತ್ತಜ್ಜಂದಿರು ಇಲ್ಲೂ ಹಾಗೇ ನಿಂತರು. ಆಮೇಲೆ ಭೂಪಟ ನೋಡಿ, ಇಲ್ಲಿಂದ ಮೆಕ್ಕಾ ಮೂಡಣಕ್ಕೆಂದು ಕಂಡುಕೊಂಡ ಕೆಲವರು ತಿರುಗಿದರು, ಕೆಲವರು ತಿರುಗಲಿಲ್ಲ. ಕಾಸಿಮಾನರ ಮನೆತನ ತಿರುಗದವರದು.

ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತಿದ್ದ ಅಜ್ಜಿ, ಮೊಬೈಲಿನೊಳಗೆ ದಾರಿ ಹೇಳುವ ಹೆಣ್ಣಿನ ದನಿಯನ್ನು ಮೂಗಿನಲ್ಲಿ ತೆಗೆದಳು: "ಮುಂದೆ ಬಲಕ್ಕೆ ತಿರುಗಿ... ನೀವು ದಾರಿ ತಪ್ಪಿದ್ದೀರಿ..."

ಮಗಳು ಮಾರಿಯತಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು. ಅಪ್ಪ ಅವಳ ಕಡೆಗೇ ತಿರುಗಿದ್ದರು.

"ಮದುವೆ ಆದ್ಮೇಲೆ ನನ್ನ ಮಗಳು ಯಾವ ಕಡೆ ನಿಲ್ಬೇಕು?"

"ಅದನ್ನ ಅವಳನ್ನೇ ಕೇಳ್ಬೇಕು," ಎಂದ ಫದ್ಲಿ, ಮೆಲ್ಲಗೆ.

ಮಾರಿಯತಿಯ ಎದೆ ಬಿಗಿಯಿತು. ಅಮ್ಮ ತೀರಿಕೊಂಡಾಗಿನಿಂದ ಹೀಗೇ, ಕಾರಣವಿಲ್ಲದೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. "ಈಮಾನ್ ಗಟ್ಟಿ ಇದ್ರೆ, ದೇವರ ಮೇಲೆ ನಂಬಿಕೆ ಇದ್ರೆ ಇದೆಲ್ಲ ಬರಲ್ಲ ಕಣಮ್ಮಾ," ಎಂದು ನೆರೆಮನೆಯ ಚಿಕ್ಕಮ್ಮ ರಾಗ ಎಳೆದಿದ್ದಳು. ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಫದ್ಲಿ ಮಾತ್ರ ಹಾಗೆ ಅಂದಿರಲಿಲ್ಲ. "ಜ್ವರ ಬಂದ್ರೆ ಈಮಾನ್ ಕೇಳ್ತಾರಾ? ಉಸಿರು ಒಳಗೆ ತಗೊಳ್ಳಿ, ಈಗ ಬಿಡಿ," ಎಂದಿದ್ದ. ಅವಳು ಬಿಟ್ಟಿದ್ದಳು, ಉಸಿರನ್ನೂ, ಮನಸ್ಸನ್ನೂ.

ಮೆಕ್ಕಾ ಎತ್ತ ಇದೆ ಎಂದು ಅವಳಿಗೆ ಗೊತ್ತಿಲ್ಲವೆಂದಲ್ಲ. ಆದರೆ ಪಡುವಣಕ್ಕೆ ನಿಂತಾಗ ಮಾತ್ರ ಪಕ್ಕದಲ್ಲಿ ಅಮ್ಮನ ಜೀರುಂಡೆ ಸದ್ದಿನಂಥ ಉಸಿರಾಟ, ಲವಂಗದ ಘಮ. ತಿರುಗಿದರೆ ಅಮ್ಮ ಬೆನ್ನ ಹಿಂದೆ ಉಳಿದುಬಿಡುತ್ತಾಳೆ. ಇದನ್ನು ಹೇಳಿದರೆ ಈ ಹುಡುಗ ಚಪ್ಪಲಿ ಮೆಟ್ಟಿ ಹೊರಟರೆ?

"ನಾನು ಅಮ್ಮ ನಿಂತ ಕಡೆಗೇ ನಿಲ್ಲೋದು," ಎಂದಳು.

ಫದ್ಲಿ ಅವಳನ್ನೇ ನೋಡಿದ. ಕಣ್ಣಂಚಿನಲ್ಲಿ ಮೊದಲು ಒಂದು ಗೆರೆ, ಆಮೇಲೆ ಮತ್ತೊಂದು, ನಗು ಹೆಜ್ಜೆಯಿಟ್ಟು ಬಂದಂತೆ.

"ನಿಲ್ಲಿ. ನಾನು ನಿಮ್ಮನ್ನ ತಿರುಗಿಸೋಕೆ ಬಂದಿಲ್ಲ, ಕೇಳೋಕೆ ಬಂದೆ."

"ಒಂದೇ ಕೋಣೇಲಿ ಎರಡು ದಿಕ್ಕಾ?" ಕಾಸಿಮಾನ್ ತಲೆ ಚಚ್ಚಿಕೊಂಡರು. "ಸಂಸಾರ ಅಂತಾರಾ ಅದನ್ನ?"

"ಬಾಯಲ್ಲಿ ಯಾಕೆ, ಮಾಡಿ ನೋಡ್ಲಿ," ಎಂದಳು ಅಜ್ಜಿ. "ಅಸರ್ ಹೊತ್ತಾಯ್ತು, ಸಂಜೆ ನಮಾಜು ಮಾಡ್ಲಿ. ನಾನಿಲ್ಲೇ ಕೂತಿದೀನಿ, ಯಾರೂ ಯಾರನ್ನೂ ನುಂಗಲ್ಲ."

ಇಬ್ಬರ ಚಾಪೆಯೂ ಬಿತ್ತು, ನಡುವೆ ಎರಡಾಳು ನಿಲ್ಲುವಷ್ಟು ಜಾಗ ಬಿಟ್ಟು. ಅವಳು ಪಡುವಣಕ್ಕೆ, ಅವನು ಅವಳ ಬಲಗಡೆ ಮೂಡಣಕ್ಕೆ. ಬಾಗಿದರು, ಹಣೆ ಊರಿದರು. ನೆಲದ ತಂಪು ಹಣೆಗೆ ತಾಗುತ್ತಲೇ ಮಾರಿಯತಿಯ ಎದೆಯ ಗಂಟು ಸಡಿಲವಾಯಿತು. ಅಮ್ಮ ಅಲ್ಲೇ ಇದ್ದಳು. ಇವನು ಪಕ್ಕದಲ್ಲಿದ್ದರೂ ಅಲ್ಲೇ ಇದ್ದಳು.

ನಮಾಜು ಮುಗಿಸಲು ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಸಲಾಂ ಹೇಳಬೇಕು. ಕೊನೆಗೆ ಕೂತು ಅವಳು ಬಲಕ್ಕೆ ಕತ್ತು ಹೊರಳಿಸಿದಳು. ಅವನೂ ಹೊರಳಿಸಿದ, ತನ್ನ ಬಲಕ್ಕೆ.

ಒಂದೇ ದಿಕ್ಕಿಗೆ ಕೂತ ಗಂಡಹೆಂಡಿರಿಗೆ ಈ ಹೊತ್ತಿನಲ್ಲಿ ಕಾಣುವುದು ಒಬ್ಬರ ಕಿವಿ ಇನ್ನೊಬ್ಬರಿಗೆ. ಇಲ್ಲಿ ಮುಖಕ್ಕೆ ಮುಖ ಸಿಕ್ಕಿತು.

"ಅಸ್ಸಲಾಮು ಅಲೈಕುಮ್," ಎಂದಳು ಅವಳು, ನಿನಗೆ ಶಾಂತಿಯಿರಲಿ ಎಂದು. ಅವನೂ ಅದೇ ಉಸಿರಿನಲ್ಲಿ ಅದನ್ನೇ ಎಂದ. ಅವಳ ಕೆನ್ನೆಯೆಲ್ಲ ಬಿಸಿಯಾಯಿತು. ಕತ್ತು ಅಲ್ಲೇ ನಿಂತಿತು. ಅವನದೂ.

ಅಜ್ಜಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ಕಾಸಿಮಾನ್ ಕೆಮ್ಮಿದರು, ಮತ್ತೆ ಕೆಮ್ಮಿದರು. ಆಮೇಲೆ ಗಡಸು ದನಿಯೊಳಗೆ ನಗುವನ್ನು ಬಚ್ಚಿಡಲಾಗದೆ,

"ಎಡಕ್ಕೂ ಒಂದು ಸಲಾಂ ಬಾಕಿ ಇದೆ ಅಳಿಯಂದ್ರೇ!" ಎಂದರು.