ಗೋಡೆಯ ಮೇಲಿನ ಹಸಿ ಹಳದಿ

1913ರ ಶರತ್ಕಾಲದ ಒಂದು ಬೆಳಿಗ್ಗೆ. ರುಮೇನಿಯಾದ ಯಾಶ್ ಪಟ್ಟಣದಲ್ಲಿ ಬಾಡಿಗೆ ಕೋಣೆಗಳ ಮನೆ ನಡೆಸುತ್ತಿದ್ದ ಜಾಮ್‌ಫಿರಾ ಊಟದ ಮನೆಯ ಚಿತ್ರದ ಧೂಳು ಒರೆಸಿದಾಗ ಬಟ್ಟೆಗೆ ಹಳದಿ ಬಣ್ಣ ಹತ್ತಿತು. ಅದನ್ನು ಬರೆದ ಗಂಡ ತೀರಿಕೊಂಡು ಒಂಬತ್ತು ವರ್ಷ. ಅಷ್ಟು ಹಳೆಯ ಬಣ್ಣ ಹಸಿಯಾಗಿರುವುದುಂಟೆ? ಯಾರೋ ನಕಲು ತೂಗುಹಾಕಿ ಅಸಲನ್ನು ಎತ್ತಿಕೊಂಡಿದ್ದರು.

"ಸಾಫ್ತಾಳದೇ ಕೆಲಸ, ಅತ್ತೆ," ಎಂದ ಚಿತ್ರಕಲೆ ಓದುತ್ತಿದ್ದ ಅಣ್ಣನ ಮಗ ಕೊಸ್ತಾಕೆ. "ನೀವು ಮಠಕ್ಕೆ ಹೋಗಿದ್ದ ವಾರವೆಲ್ಲ ಮನೆ ಇವಳ ಕೈಯಲ್ಲೇ ಇತ್ತು. ಯಾರ ಜೊತೆ ಸೇರ್ಕೊಂಡ್ಳೋ! ಪೊಲೀಸರನ್ನ ಕರೀತೀನಿ."

ಅಡುಗೆಯ ಸಾಫ್ತಾ ಕೈಲಿದ್ದ ಸೌಟು ಕೆಳಗಿಟ್ಟಳು. "ಹದಿನೆಂಟು ವರ್ಷ ನಿಮ್ಮ ಒಲೆ ಮುಂದೆ ಬೆಂದಿದೀನಿ, ಅಮ್ಮಾವ್ರೇ. ನನ್ನನ್ನ ಜೈಲಿಗೆ ಹಾಕಿಸ್ತೀರಾ?"

ಜಾಮ್‌ಫಿರಾ ಮಹಡಿಗೆ ಓಡಿದಳು. ಅಲ್ಲಿ ಬಾಡಿಗೆಗಿದ್ದ ಪ್ರಿಕೋಪ್, ನಿವೃತ್ತ ಕೋರ್ಟು ಗುಮಾಸ್ತ. ಬೀದಿಯಲ್ಲಿ ಏನು ಕಳೆದರೂ ಹುಡುಕಿಕೊಡುವವನು ಅವನೇ, ಆ ಹುಡುಕಾಟದಲ್ಲಿ ಅವನ ಹಿಂದೆಯೇ ಓಡಾಡುವವಳು ಜಾಮ್‌ಫಿರಾ.

ಪ್ರಿಕೋಪ್ ಇಳಿದುಬಂದು ಚಿತ್ರವನ್ನು ತುಂಬಾ ಹೊತ್ತು ನೋಡಿದ. "ಅಸಲಿನಲ್ಲಿ ಏನೇನಿತ್ತು, ತಾಯೀ?"

"ಮಣ್ಣಿನ ಹೂಜಿ, ಮೂರು ಈರುಳ್ಳಿ, ಹಲಗೆ ಮೇಲೆ ಮಮಲಿಗ ಮುದ್ದೆ, ಪಕ್ಕದಲ್ಲಿ ಬಿಳೀ ದಾರ... ಅಯ್ಯೋ, ಇದರಲ್ಲಿ ದಾರಾನೇ ಇಲ್ವಲ್ಲ!"

"ಸರಿ. ಮಧ್ಯಾಹ್ನಕ್ಕೆ ಮಮಲಿಗ ಆಗ್ಲಿ, ಮನೇಲಿರೋರೆಲ್ಲ ಬರ್ಲಿ. ಊಟ ಆದ್ಮೇಲೆ ಪೊಲೀಸರಿಗೆ ಹೇಳೋಣ."

ಮಧ್ಯಾಹ್ನ ಮಮಲಿಗ, ಅಂದರೆ ಮೆಕ್ಕೆಜೋಳದ ಹಳದಿ ಮುದ್ದೆ, ಹಲಗೆಯ ಮೇಲೆ ಹಬೆಯಾಡುತ್ತ ಬಂತು. ಜೊತೆಗೆ ಕುರಿಹಾಲಿನ ಚೀಸು, ಹುಳಿಕೆನೆ. ತಿಂಗಳ ಹಿಂದೆ ಬಂದು, ಕೋಣೆಯಲ್ಲೇ ಬ್ರೆಡ್ಡು ತಿಂದುಕೊಂಡಿದ್ದ ವಿಯೆನ್ನಾದ ಚಿತ್ರಗಾರ ಲೈಟ್‌ಗೆಬ್ ಕೂಡ ಅಂದು ಮೇಜಿಗೆ ಬಂದಿದ್ದ.

"ನೀವೇ ಕುಯ್ದು ಬಡಿಸಿ, ಸ್ವಾಮಿ," ಎಂದು ಪ್ರಿಕೋಪ್ ಹಲಗೆಯನ್ನು ಅವನತ್ತ ತಳ್ಳಿದ.

ಲೈಟ್‌ಗೆಬ್ ಚಾಕು ಎತ್ತಿಕೊಂಡ. ಮುದ್ದೆಯೆಲ್ಲ ಚಾಕುವಿಗೇ ಮೆತ್ತಿಕೊಂಡಿತು.

"ಮುದ್ದೆಗೆ ಯಾರಾದ್ರೂ ಚಾಕು ಹಾಕ್ತಾರೇನ್ರೀ?" ಎಂದು ಕೊಸ್ತಾಕೆ ನಕ್ಕ. ಹಲಗೆಯ ಪಕ್ಕದಲ್ಲಿದ್ದ ದಾರ ತೆಗೆದುಕೊಂಡು, ಮುದ್ದೆಯ ಅಡಿಗೆ ತೂರಿಸಿ, ಮೇಲಕ್ಕೆಳೆದು ಚಕಚಕನೆ ತುಂಡು ಮಾಡಿದ.

ಪ್ರಿಕೋಪ್ ಬಾಯಿ ಒರೆಸಿಕೊಂಡ. "ಈ ನಕಲು ಮಾಡಿದವನಿಗೆ ಕುಂಚ ಗೊತ್ತು, ಮುದ್ದೆ ಗೊತ್ತಿಲ್ಲ. ಸಾಫ್ತಾ ಕುಂಚ ಹಿಡಿದವಳಲ್ಲ. ಕೊಸ್ತಾಕೆ ಹಿಡೀತಾನೆ, ಆದ್ರೆ ಹಲ್ಲು ಬಂದಾಗಿಂದ ಮುದ್ದೆ ತಿಂದವನು ದಾರ ಬರೆಯೋದು ಮರೀತಾನಾ? ಈ ಮನೇಲಿ ಕುಂಚ ಹಿಡಿಯೋರಲ್ಲಿ ಇನ್ನುಳಿದವರು ನೀವು, ಸ್ವಾಮಿ. ದಾರ ಯಾಕೆ ಬಿಟ್ರಿ?"

"ಅದು ದಾರ ಅಂತ ಯಾರಿಗೆ ಗೊತ್ತಿತ್ತು? ಬಣ್ಣದ ಮೇಲೆ ಬಿದ್ದ ಗೀರು ಅಂದ್ಕೊಂಡೆ..." ಲೈಟ್‌ಗೆಬ್ ತಟ್ಟನೆ ಬಾಯಿ ಮುಚ್ಚಿದ. ತಡವಾಗಿತ್ತು.

ಅಸಲು ಅವನ ಬೀರುವಿನ ಹಿಂದೆ ಸಿಕ್ಕಿತು. ವಿಯೆನ್ನಾದಲ್ಲಿ ತನ್ನದೆಂದು ತೋರಿಸುವ ಆಸೆಯಂತೆ. ಸಂಜೆಯೊಳಗೆ ಅವನು ಪೊಲೀಸರ ಜೊತೆ ಹೊರಟುಹೋದ.

ರಾತ್ರಿಯೂಟಕ್ಕೆ ಜಾಮ್‌ಫಿರಾ ತನ್ನ ಪಕ್ಕದ ಕುರ್ಚಿ ಎಳೆದಳು. "ಇಷ್ಟು ವರ್ಷ ಅಡುಗೆಮನೇಲಿ ನಿಂತ್ಕೊಂಡು ತಿಂದಿದ್ದು ಸಾಕು. ಇಲ್ಲಿ ಕೂತ್ಕೋ ಸಾಫ್ತಾ. ಕೊಸ್ತಾಕೆ, ನೀನು ಬಡಿಸು."

ಕೊಸ್ತಾಕೆ ಕಿವಿ ಕೆಂಪಗೆ ಮಾಡಿಕೊಂಡು ಕೆನೆ ಹಾಕಿದ.

"ಇನ್ನೊಂದು ಸೌಟು ಹಾಕಪ್ಪಾ," ಎಂದಳು ಸಾಫ್ತಾ ಆರಾಮಾಗಿ ಕೂತು. "ಜೈಲಿಗೆ ಕಳಿಸೋಕೆ ಅಷ್ಟು ಧಾರಾಳವಾಗಿದ್ದೆ!"